ಗಾರ್ಡಪ್ಪನ ಮುನಿಸು

ರಾವೂರ,
ತಾ. 16-2-2025, ರವಿವಾರ

ಚಿರಂಜೀವಿ ಐಶ್ವರ್ಯಗ ನಿನ್ನ ಸೋದರಮಾವ ಅಂಬರಾಯನ ತುಂಬು ಆಶೀರ್ವಾದ.

ಕಾಗದ ತಡ ಆಯಿತು, ಸಿಟ್ಟಾಗಬ್ಯಾಡ. ದಿಲ್ಲಿಯಿಂದ ನನಗ ಕರೆ ಬಂದಿತ್ತು. ಪಾರ್ಲಿಮೆಂಟಿನ ನೆಲ ಮಂಕಾಗ್ಯದಂತ, ಅದಕ್ಕ ಹೊಳಪು ತರೋ ಕೈ ಇಡೀ ಹಿಂದೂಸ್ತಾನದಾಗ ಒಂದೇ, ಅದು ರಾವೂರ ಅಂಬರಾಯಂದು ಅಂತ ಯಾರೋ ಅವರಿಗಿ ಹೇಳ್ಯಾರ. ವಾಡಿ ಸ್ಟೇಷನ್ನಿಗಿ ಸ್ಪೆಷಲ್ ಗಾಡಿ ಕಳಿಸಿದ್ರು. ಹೋದೆ, ನೋಡಿದೆ, ಮಧ್ಯಾಹ್ನಕ್ಕ ಜೋಳದ ರೊಟ್ಟಿ ಸಿಗಂಗಿಲ್ಲ ಅಂದ್ರು, ಅದೇ ಗಾಡಿಗಿ ಹೊಳ್ಳಿ ಬಂದೆ. ನಿಮ್ಮ ಅತ್ತಿ ಗುರುಲಿಂಗಮ್ಮ ಇಷ್ಟು ಓದಿ, ಈ ಮನಷ್ಯಾ ಎರಡು ತಿಂಗಳಾತು ಚಿತ್ತಾಪುರ ದಾಟಿಲ್ಲ ಅಂತ ಕೆಳಗ ಬರಿ ಅಂದಳು. ಬರೆದೀನಿ.

ನಾವಿಬ್ಬರೂ ಗಟ್ಟಿ ಅದೀವಿ. ನೀ ಪೊಲೀಸ್ ಟ್ರೇನಿಂಗಿನ್ಯಾಗ ಮುಂಜಾನಿ ಐದಕ್ಕ ಎದ್ದು ಓಡತೀ ಅಂತ ನಿಮ್ಮವ್ವ ಉಮಾದೇವಿ ಚಿಂಚೋಳಿಯಿಂದ ಫೋನ್ ಮಾಡಿ ಹೇಳಿದಳು. ಸಾಲಿ ಕಲೀಲಿಕ್ಕಂತ ಈ ಮನ್ಯಾಗ ಇದ್ದಾಗ ಎಂಟಕ್ಕ ಎಬ್ಬಿಸಿದ್ರ ಚಾದರ ಎಳಕೊಂಡು ಆ ಕಡಿ ಹೊಳ್ಳತಿದ್ದಿ. ಸರ್ಕಾರಕ್ಕ ಏನು ತಾಕತ್ತು ಅದ ನೋಡು. ನಿಮಗ ವಾರಕ್ಕ ಅರ್ಧ ತಾಸು ಫೋನು ಕೊಡತಾರಂತ, ಅದು ನಿಮ್ಮವ್ವನ ಪಾಲು, ನಾ ಕೇಳಂಗಿಲ್ಲ. ಅದೂ ಅಲ್ದೆ ಫೋನಿನ್ಯಾಗ ನನ್ನ ಬಾಯಿ ನನ್ನ ಮಾತು ಕೇಳಂಗಿಲ್ಲ. ನೀ, ನಮ್ಮ ನಾಯಿ ಗಾರ್ಡಪ್ಪ ಹ್ಯಾಂಗ ಇದ್ದಾನ ಅಂತ ಕೇಳಿದ್ರ ಕುದರಿ ಆಗ್ಯಾನ ಅಂತ ಅಂದುಬಿಡತೀನಿ. ಪೆನ್ನು ಹಂಗಲ್ಲ. ಜರಾ ನಿಧಾನ, ನಡುವ ನಾಚಿಕಿ ಬರಲಿಕ್ಕ ಟೈಮ್ ಸಿಗತದ.

ಈಗ ಗಾರ್ಡಪ್ಪನ ಮಾತಿಗಿ ಬರತೀನಿ. ಹಿಂದಿನ ಎರಡೂ ಕಾಗದದಾಗ, ನೀ ಹೋದ ಮ್ಯಾಲ ನಾಯಿ ಮುನಿಸ್ಯಾನ ಅಂತ ಬರೆದಿದ್ದೆ. ಅದನ್ನ ಓದಿ ನೀ ಕಣ್ಣೀರು ಹಾಕಿದಿ ಅಂತ ಕೇಳೀನಿ. ತಂಗಿ, ಅದು ನಾ ಹೇಳಿದ ಸುಳ್ಳಲ್ಲ, ನಾ ತಿಳಕೊಂಡ ತಪ್ಪು. ನನ್ನ ಸುಳ್ಳು ನಿನಗ ಗೊತ್ತೇ ಅವ, ಅವು ಬ್ಯಾರೆ ಜಾತಿ.

ನೀ ಆರನೇ ಕ್ಲಾಸಿನ್ಯಾಗ ಇದ್ದಾಗ ವಾಡಿ ಸ್ಟೇಷನ್ನಿನ್ಯಾಗ ಗೂಡ್ಸ್ ಗಾಡಿಯ ಗಾರ್ಡ್ ಡಬ್ಬಿ ಕೆಳಗಿಂದ ಅವನ್ನ ಎತ್ತಿಕೊಂಡು ಬಂದಿದ್ದಿ, ಅಂಗೈ ಅಷ್ಟಿದ್ದ. ಹನ್ನೊಂದು ವರ್ಷ ಆದ್ವು. ಅಷ್ಟು ವರ್ಷ ಆದ್ವು ಅಂತ ನಾ ಲೆಕ್ಕಾನೇ ಹಾಕಿದ್ದಿಲ್ಲ. ದಸರಾ ಆದ ಮ್ಯಾಲ ನೀ ಹೋದಿ, ದೀಪಾವಳಿ ಹೊತ್ತಿಗಿ ಅವನ ನಡತಿ ಬದಲಾತು. ನೀ ಮಲಗತಿದ್ದ ಕೋಲಿಯ ಹೊಸ್ತಿಲ ಬಿಟ್ಟು ಏಳವಲ್ಲ. ಮುಂಜಾನಿ ಎದ್ದ ಕೂಡ್ಲೆ ಮರದ ಕುದರಿ ಹಂಗ ನಾಕೂ ಕಾಲು ಸೆಟಸಿ ನಿಂದ್ರತಿದ್ದ, ಒಂದು ತಾಸಿನ ಮ್ಯಾಲ ಬಿಸಲು ಬಿದ್ರ ಮೆಲ್ಲಕ ಸಡಲ ಆಗತಿದ್ದ. ಕಟ್ಟಿ ಮ್ಯಾಲ ಜಿಗಿಯೋದು ಬಿಟ್ಟ. ಮೆಟ್ಟಲ ಹತ್ತೋ ಮುಂದ ಹಿಂದಿನ ಎರಡೂ ಕಾಲು ಜೋಡಿಸಿ ಮೊಲದಂಗ ಕುಪ್ಪಳಸತಿದ್ದ. ನಾ ಸೊಂಟದ ಮ್ಯಾಲ ಕೈ ಇಟ್ರ, ಹನ್ನೊಂದು ವರ್ಷದಾಗ ಮೊದಲ ಸಲ, ನನ್ನ ಮ್ಯಾಲ ಗುರ್ ಅಂದ. ಮುಂಗಾಲ ಮಣಿಕಟ್ಟು ನೆಕ್ಕಿ ನೆಕ್ಕಿ ಅಲ್ಲಿ ಕೂದಲ ಬಣ್ಣಾನೇ ಬದಲಾಗಿತ್ತು. ಹಿತ್ತಲಕ್ಕ ಹೋಗೋದಿದ್ರ ಪಡಸಾಲಿ ನಡುವ ಹಾಯಂಗಿಲ್ಲ, ಗೋಡಿಗಿ ಮೈ ಹಚಗೊಂಡು ಸುತ್ತು ಹಾಕಿ ಹೋಗತಿದ್ದ.

ಇಷ್ಟೆಲ್ಲಾ ಕಣ್ಣಿಗಿ ಕಂಡು ನಾ ಏನು ತೀರ್ಮಾನ ಮಾಡಿದೆ? ಮುನಿಸು. ಮನಿ ಮಗಳು ಹೋಗ್ಯಾಳ, ನನ್ನನ್ನ ಕೇಳದೆ ಕಳಿಸೀರಿ ಅಂತ ನಮ್ಮ ಮ್ಯಾಲ ಸಿಟ್ಟು. ಇನ್ನು ಮುನಿಸಿದ ಅಳಿಯಗ ಏನು ಮಾಡಬೇಕು ಅಂತ ನಮ್ಮ ಮಂದಿಗಿ ಯಾರೂ ಕಲಸಬೇಕಿಲ್ಲ. ಹೋಳಿಗಿ, ಮ್ಯಾಲ ತುಪ್ಪ. ನಿಮ್ಮ ಅತ್ತಿ ಬೈಕೊಂತನೇ ಹೂರಣ ರುಬ್ಬಿದಳು. ಮಂಗಳವಾರಕ್ಕ ಎರಡು, ಶುಕ್ರವಾರಕ್ಕ ಎರಡು. ಉಳದ ದಿನ ಹಾಲಿನ್ಯಾಗ ರೊಟ್ಟಿ, ಬೆಲ್ಲ. ನಾ ಎದುರಿಗಿ ಕುಂತು, ತಿನ್ನೋ ಮಾರಾಯಾ, ಆಕಿ ಸಬ್ ಇನಸ್ಪೆಕ್ಟರ್ ಆಗಿ ಜೀಪಿನ್ಯಾಗ ಬರತಾಳ ಅಂತ ರಮಸತಿದ್ದೆ. ನೀ ಕಾನ್‌ಸ್ಟೆಬಲ್ ಅಂತ ನನಗ ಗೊತ್ತದ. ನಾಯಿಗಿ ಹೇಳೋದ್ರಾಗ ಜಿಪುಣತನ ಯಾಕ.

ಗೆಳೆಯ ಸಿರಾಜುದ್ದೀನ ದಿನಾ ಸಂಜಿ ತನ್ನ ಟಂಟಂ ಆಟೋ ನಿಲ್ಲಿಸಿ ಬಂದು ಕುಂತು ಈ ತಮಾಷಾ ನೋಡತಿದ್ದ. ಅಂಬು, ನನಗ ಒಂದು ಸಲ ನಿನ್ನ ಮ್ಯಾಲ ಸಿಟ್ಟು ಬರಲಿಕ್ಕ ಪರ್ಮಿಶನ್ ಕೊಡು, ನನಗೂ ಹೋಳಿಗಿ ಸಿಗಲಿ ಅಂತ ಕಾಡಸತಿದ್ದ.

ಎಳ್ಳ ಅಮಾಸಿಗಿ ಎಲ್ಲಾರೂ ಹೊಲಕ್ಕ ಹೋದ್ವಿ. ಪ್ರತಿ ವರ್ಷ ಎಲ್ಲಾರಕಿಂತ ಮುಂದ ಓಡಾಂವ, ಈ ಸಲ ಸಿರಾಜ ಎತ್ತಿ ಟಂಟಂದಾಗ ಕುಂದ್ರಸಬೇಕಾತು. ಹೊಲದಾಗ ಒಂದು ತಾಸು ಕುಂತ, ಆಮ್ಯಾಲ ಕರಿ ಮಣ್ಣಿನ ಮ್ಯಾಲ ತಾನಾಗೇ ಎದ್ದು ನಾಕು ಸುತ್ತು ಹಾಕಿದ, ಯಾರದೋ ಬುಟ್ಟಿಯಿಂದ ಸಜ್ಜಿ ರೊಟ್ಟಿ ಕದ್ದ. ನೋಡ್ರಿ, ನನ್ನ ಹೋಳಿಗಿ ಕೆಲಸ ಮಾಡ್ಯಾವ, ಮುನಿಸು ಇಳದದ ಅಂತ ನಾ ಹೊಲ ತುಂಬ ಸಾರಿದೆ. ಸಂಜಿಗಿ ಮನಿಗಿ ಬಂದ್ವಿ. ತಲಬಾಗಲದಾಗ ನಿಂತ, ಪಡಸಾಲಿ ನೋಡಿದ, ಹಿಂದಿನ ಕಾಲು ಥರಥರ ನಡುಗಿದ್ವು. ಒಳಗ ಕಾಲು ಇಡಲಿಲ್ಲ. ಮತ್ತ ಮುನಿಸ್ಯಾನ ಅಂದೆ ನಾನು.

ನಿಮ್ಮ ಅತ್ತಿ ಭಜ್ಜಿ ಬೋಗಾಣಿ ಕೆಳಗಿಟ್ಟು ನನ್ನ ಕಡಿ ನೋಡಿದಳು.

"ಮುನಿಸಿದಾಂವ ಊಟ ಬಿಡತಾನ. ಇಂವ ಎರಡು ಹೋಳಿಗಿ ತಿಂದು ತಾಟು ನೆಕ್ಕತಾನ. ಇದು ಮುನಿಸಲ್ಲ, ಬ್ಯಾನಿ."

ಇಪ್ಪತ್ತಾರು ವರ್ಷದ ಸಂಸಾರದಾಗ ಆಕಿ ಎಷ್ಟು ಸಲ ಮುನಿಸ್ಯಾಳ, ಎಷ್ಟು ಊಟ ಬಿಟ್ಟಾಳ, ಅದರ ಮ್ಯಾಲ ಆಕಿ ಮಾತಿಗಿ ತೂಕ ಅದ. ಆದ್ರೂ ಬಾಯಿ ಸುಮ್ಮ ಕೂಡಬೇಕಲ್ಲ, ಬ್ಯಾನಿ ಇದ್ರ ನನ್ನ ಕಡಿ ಔಷಧ ಅದ ಅಂದೆ. ಸಿರಾಜನ ಹೆಂಡತಿ ರಶೀದಾಬೇಗಂಗ ಮೊಣಕಾಲ ನೋವಿನ ಗುಳಗಿ ಬರೆದುಕೊಟ್ಟಾರಂತ, ಅದರಾಗ ನಾಕು ಇಸಕೊಂಡೆ. ಮನಷ್ಯಾಗ ನಡೀತದ ಅಂದ್ಮ್ಯಾಲ ನಾಯಿಗಿ ನಡೀಬೇಕು, ಅದಕ್ಕೇನು ಬ್ಯಾರೆ ಮೊಣಕಾಲು ಅದ ಅಂತ ನನ್ನ ಲೆಕ್ಕ. ಹೋಳಿಗಿ ನಡುವ ಒಂದು ಗುಳಗಿ ಮುಚ್ಚಿ ಇಟ್ಟೆ. ಹೋಳಿಗಿ ಪೂರಾ ಹೋತು, ಗುಳಗಿ ತೊಳದಂಗ ಸ್ವಚ್ಛ ಆಗಿ ನೆಲದ ಮ್ಯಾಲ ಉಳೀತು. ಮೂರು ಸಲ ಮಾಡಿದೆ, ಮೂರು ಸಲ ಉಳೀತು.

ಮರುದಿನ ಅವನ್ನ ಟಂಟಂದಾಗ ಹಾಕಿಕೊಂಡು ಚಿತ್ತಾಪುರ ಪಶು ಆಸ್ಪತ್ರಿಗಿ ಹೋದ್ವಿ. ಅಲ್ಲಿ ಡಾಕ್ಟರ್ ನಾಹಿದ ಅಂತ, ಶಹಾಬಾದದ ಹುಡುಗಿ, ನಿನಕಿಂತ ನಾಕೈದು ವರ್ಷ ದೊಡ್ಡಾಕಿ ಇರಬೇಕು. ದನ, ಆಡು, ಕೋಳಿ ನಡುವ ಗಾರ್ಡಪ್ಪ ಒಬ್ಬಾಂವೇ ನಾಯಿ. ಆಕಿ ಮೊದಲು ಅವನ್ನ ಮುಟ್ಟಲೇ ಇಲ್ಲ. ಅಂಗಳದಾಗ ನಡಸ್ರಿ ಅಂದಳು, ಕುಂದ್ರಸ್ರಿ, ಎಬ್ಬಸ್ರಿ ಅಂದಳು. ಏಳೋ ಮುಂದ ಅಂವ ಮುಂಗಾಲ ಮ್ಯಾಲ ಭಾರ ಹಾಕಿ ಮೈ ಎಳಕೊಳ್ಳೋದನ್ನ ಬಗ್ಗಿ ನೋಡಿದಳು. ಹಿಂದಿನ ತೊಡಿ ಎರಡೂ ಕೈಯಾಗ ಹಿಡದು, ನೋಡ್ರಿ ಮಾಂಸ ಕರಗ್ಯದ ಅಂತ ತೋರಿಸಿದಳು. ಆಮ್ಯಾಲ ಒಂದೊಂದೇ ಕೀಲು ಮಡಚಿ ಬಿಚ್ಚಿದಳು. ಸೊಂಟದ ಕೀಲಿಗಿ ಬಂದಾಗ ಅಂವ ತಲಿ ಹೊಳ್ಳಿಸಿ ಆಕಿ ಕೈ ಬಾಯಾಗ ಹಿಡದ. ಕಚ್ಚಲಿಲ್ಲ, ಹಿಡದ ಅಷ್ಟೇ. ಆಕಿ ಕೈ ಬಿಡಸಿಕೊಳ್ಳಲಿಲ್ಲ, ಆತು ಆತು ಅಂತ ಕಾಯ್ದಳು.

ಸಂಧಿವಾತ ಅಂದಳು. ಕೀಲು ಸವದಾವ, ವಯಸ್ಸಾದ ನಾಯಿಗೋಳಿಗಿ ಭಾಳ ಬರತದ, ಮಂದಿ ಇದನ್ನ ಮುಪ್ಪು ಅಂತಾರ, ಸೋಮಾರಿತನ ಅಂತಾರ. ನಾಯಿ ಅಳಂಗಿಲ್ಲ ನೋಡ್ರಿ, ಅದಕ್ಕ ಯಾರಿಗೂ ತಿಳಿಯಂಗಿಲ್ಲ ಅಂದಳು. ಮುನಿಸು ಅಂತನೂ ಅಂತಾರೇನ್ರಿ ಅಂತ ಸಿರಾಜ ಕೇಳಿದ. ನಾ ಅವನ ಕಾಲು ತುಳದೆ.

ಪೂರಾ ವಾಸಿ ಆಗೋದಲ್ಲ, ಆದ್ರ ನೋವು ಹತೋಟಿಯಾಗ ಇಡಬಹುದು, ಇನ್ನೂ ವರ್ಷಗಟ್ಲೆ ಖುಷಿಲೆ ನಡೀತಾನ ಅಂದಳು. ಅದು ಕೇಳಿ ನನ್ನ ಎದಿ ಇಷ್ಟಗಲ ಆತು, ಆದ್ರ ಭಾಳ ಹೊತ್ತು ನಿಲ್ಲಲಿಲ್ಲ. ಏನು ಹಾಕ್ತೀರಿ ಅಂತ ಕೇಳಿದಳು. ರೊಟ್ಟಿ ಅಂದೆ. ಬರೇ ರೊಟ್ಟಿನಾ ಅಂದಳು. ಸಿರಾಜ ನನ್ನ ಮುಂದ ಬಂದು, ಮೇಡಂ, ವಾರಕ್ಕ ನಾಕು ಹೋಳಿಗಿ, ಮ್ಯಾಲ ತುಪ್ಪ, ನನಗ ಒಂದೂ ಇಲ್ಲ ಅಂದ. ಆಡು ತೂಗೋ ಕಾಟಾದ ಮ್ಯಾಲ ಅವನ್ನ ನಿಂದ್ರಸಿದ್ರು. ಮೂವತ್ತನಾಕು ಕಿಲೋ. ಇಪ್ಪತ್ತಾರು ಇರಬೇಕಾದಾಂವ. ಸವದ ಕೀಲಿನ ಮ್ಯಾಲ ಎಂಟು ಕಿಲೋ ಹೋಳಿಗಿ ಹೇರೀರಿ ಅಂತ ಆಕಿ ಮೆತ್ತಗ ಅಂದಳು. ಬೈದಿದ್ರ ಛಲೋ ಇತ್ತು.

ನಾ ಹೆಸರು ಉಳಸಿಕೊಳ್ಳಬೇಕು ಅಂತ ಕಿಸೆಯಿಂದ ರಶೀದಾಬೇಗಂನ ಗುಳಗಿ ತಗದು, ಔಷಧ ನಾವೇ ಮೊದಲೇ ತಂದೀವಿ ಅಂದೆ. ಆಕಿ ಮಾರಿ ಬದಲಾತು. ಅಂವ ಎಷ್ಟು ನುಂಗ್ಯಾನ ಅಂತ ಕೇಳಿದಳು. ಒಂದೂ ಇಲ್ಲ, ಉಗುಳ್ಯಾನ ಅಂದೆ. ಉಸಿರು ಬಿಟ್ಟು ಕುಂತಳು. ಮನಷ್ಯಾರ ನೋವಿನ ಗುಳಗಿ ನಾಯಿ ಹೊಟ್ಟಿಯೊಳಗ ಹುಣ್ಣು ಮಾಡತದ, ಮೂತ್ರಪಿಂಡ, ಲಿವರ್ ಕೆಡಸತದ, ಎಷ್ಟೋ ಸಲ ಜೀವಾನೇ ತಗೋತದ, ಯಾರು ಹೇಳಿದ್ರೂ ಕೊಡಬ್ಯಾಡ್ರಿ ಅಂತ ನನ್ನ ಕೈಯಿಂದ ಇಸಕೊಂಡು ಕಸದ ಡಬ್ಬ್ಯಾಗ ಒಗದಳು. ಅವನ ತೂಕ ನೋಡಿ ನಾಯಿಗೇ ಇರೋ ಗುಳಗಿ ಬರೆದುಕೊಟ್ಟಳು. ಊಟ ಆದ ಮ್ಯಾಲೇ ಕೊಡಬೇಕು, ವಾಂತಿ ಆದ್ರ, ಊಟ ಬಿಟ್ರ, ಹೇಲು ಕರ್ರಗ ಆದ್ರ ನಿಲ್ಲಿಸಿ ಫೋನ್ ಮಾಡಬೇಕು ಅಂದಳು. ಬರೋ ಮುಂದ ನಾ ಗಾರ್ಡಪ್ಪನ ಕಿವ್ಯಾಗ, ನಮ್ಮ ಮನ್ಯಾಗ ಓದಿದಾಂವ ನೀ ಒಬ್ಬನೇ ಅಂದೆ.

ಇನ್ನೊಂದು ಕೆಲಸ ಹೇಳಿದ್ದಳು. ಮನ್ಯಾಗ ಅಂವ ನಡಿಯೋದು ವಿಡಿಯೋ ತಗದು ತರ್ರಿ ಅಂತ. ಎಂಟು ದಿನಕ್ಕ ತಗೊಂಡು ಹೋದೆ. ಆಕಿ ಎರಡು ಸಲ ನೋಡಿದಳು. ವಿಡಿಯೋದಾಗಿನ ನೆಲದ ಮ್ಯಾಲ ಬೆರಳಿಟ್ಟು ಕೇಳಿದಳು.

"ಈ ನೆಲ ಯಾರು ಮಾಡ್ಯಾರ?"

ನಿನಗ ಗೊತ್ತದ, ಈ ಪ್ರಶ್ನೆ ಅಂದ್ರ ನನಗ ಸಕ್ಕರಿ. ಶಹಾಬಾದ ಪರ್ಸಿ ಅಂದ್ರ ಮಂದಿ ಅಂಗಳಕ್ಕ, ದನದ ಕೊಟ್ಟಿಗಿಗಿ ಹಾಸೋ ಬೂದಿ ಕಲ್ಲು ಅಂತ ತಿಳದಾರ. ಅದರಾಗೂ ಕನ್ನಡಿ ಅದ ಅಂತ ತೋರಿಸಿದಾಂವ ನಾನು. ಗಿರಾಕಿ ಬಂದ್ರ ಬಾಯಿಂದ ಏನೂ ಹೇಳಂಗಿಲ್ಲ, ಪಡಸಾಲಿಯಾಗ ನಿಂದ್ರಸಿ ಕೆಳಗ ನೋಡ್ರಿ ಅಂತೀನಿ. ಅವರ ಮೀಸಿ ಅವರಿಗೇ ಕಾಣತದ, ಕೆಲಸ ನನಗ ಬೀಳತದ. ಆ ನೆಲದ ಸಲುವಾಗಿ ನಿಮ್ಮ ಅತ್ತಿ ಅದರ ಮ್ಯಾಲ ಹಪ್ಪಳ ಒಣಗಸಲಿಕ್ಕೂ ನಾ ಬಿಟ್ಟವನಲ್ಲ. ಅದಕ್ಕ ಎದಿ ಸೆಟಸಿ, ನಾನೇ ರಿ, ನನ್ನ ಕೈಲೆ ಅಂದೆ.

"ಭಾಳ ಛಂದ ಮಾಡೀರಿ ಕಾಕಾ. ನಾಯಿಗಿ ನಿಂದ್ರಲಿಕ್ಕ ಜಾಗಾನೇ ಇಟ್ಟಿಲ್ಲ."

ಮಣ್ಣಿನ ಮ್ಯಾಲ ಉಗುರು ಊರತಾವ, ಇದರ ಮ್ಯಾಲ ಜಾರತಾವ, ಜಾರಬಾರದು ಅಂತ ಹೆದರಿ ಮೈ ಬಿಗಿ ಹಿಡೀತಾನ, ಬಿಗಿ ಹಿಡದಷ್ಟು ಕೀಲು ನೋಯತಾವ ಅಂತ ತಿಳಿಸಿ ಹೇಳಿದಳು. ನೆಲಕ್ಕ ಏನಾರ ಮಾಡ್ರಿ ಅಂದಳು. ನಾಯಿಗೇ ಏನಾರ ಮಾಡಲಿಕ್ಕ ಆಗಂಗಿಲ್ಲೇನ್ರಿ ಅಂತ ಕೇಳಿದೆ. ಆಕಿ ನಕ್ಕು ಒಂದು ಕುರಿಯ ಕಡಿ ಹೋದಳು.

ಮುಂದಿನ ಒಂದು ವಾರ ನಮ್ಮ ಮನ್ಯಾಗ ಸರ್ಕಸ್. ಗೋಣಿತಟ್ಟು ಹಾಸಿದೆ. ನನ್ನ ಪಾಲಿಶಿನ ಮ್ಯಾಲ ಆ ಗೋಣೀನೇ ಜಾರಿ, ಗಾರ್ಡಪ್ಪ ಅದರ ಮ್ಯಾಲ ಕುಂತು ಅಡಗಿ ಮನಿ ತನಕ ಸವಾರಿ ಹೋದ. ನಿಮ್ಮ ಅತ್ತಿ ಕೌದಿ ಹಾಸಿದಳು, ಅದೂ ಜಾರಿ ಈ ಸಲ ಸಿರಾಜ ಬಿದ್ದ. ವಾಡಿ ಬಜಾರದಿಂದ ರಬ್ಬರ್ ಚಟಾಯಿ ತಂದೆ, ಅಂವ ಅದರ ವಾಸನಿ ನೋಡಿ ಸೀನಿ, ಬಾಜೂಕ ಸರದು ಗೋಡಿನೇ ಹಿಡದ. ಹೊರಗ ಮಲಗಸಿದ್ವಿ. ಜನವರಿ ಥಂಡಿ, ಮರುದಿನ ಮುಂಜಾನಿ ಏಳಲಿಕ್ಕೇ ಬರಲಿಲ್ಲ, ಇಬ್ಬರು ಎತ್ತಬೇಕಾತು. ಅವನ ಕಣ್ಣಾಗ ನೋಡಿದೆ. ಗುಳಗಿ ಅದ, ಊಟ ಕಡಿಮಿ ಮಾಡೀವಿ, ಎಲ್ಲಾ ಸರಿ, ಆದ್ರ ಈ ಮನ್ಯಾಗ ಅವನಿಗಿ ನಿನ್ನ ಹೊಸ್ತಿಲದಿಂದ ತಲಬಾಗಲಕ್ಕ ಹೋಗಲಿಕ್ಕ ಒಂದು ಹಾದಿ ಇದ್ದಿಲ್ಲ. ನಡಿಯೋದು ಬಿಟ್ರ ಇದ್ದ ಮಾಂಸನೂ ಕರಗತದ, ಮತ್ತ ನಿಲ್ಲಂಗಿಲ್ಲ ಅಂತ ಡಾಕ್ಟರ್ ಹೇಳಿದ್ದಳು.

ಆ ದಿನ ಮುಂಜಾನಿ ನಾ ಉಳಿ, ಸುತಗಿ ತಗೊಂಡು ಪಡಸಾಲಿಯಾಗ ಕುಂತೆ. ಬೀಸೋ ಕಲ್ಲು ನುಣ್ಣಗಾದ್ರ ಮತ್ತ ಹಿಟ್ಟು ಹಿಡೀಲಿ ಅಂತ ಟಾಕಿ ಹೊಡೀತಾರಲ್ಲ, ಸಣ್ಣ ಸಣ್ಣ ಗುಳಿ ಬೀಳಿಸಿ ಒರಟು ಮಾಡೋದು, ಹಂಗ ನನ್ನ ಕನ್ನಡಿ ನೆಲಕ್ಕ ಟಾಕಿ. ಮೂರು ಫೂಟು ಅಗಲ, ನಿನ್ನ ಕೋಲಿಯಿಂದ ತಲಬಾಗಲ ತನಕ ಹತ್ತೊಂಬತ್ತು ಫೂಟು ಉದ್ದ, ನಟ್ಟನಡುವ. ನಿಮ್ಮ ಅತ್ತಿ ಸಪ್ಪಳ ಕೇಳಿ ಬಂದು ನೋಡಿದಳು. ಒಳಗ ಹೋಗಿ ಹಪ್ಪಳದ ಹಿಟ್ಟು ಕಲಸಲಿಕ್ಕ ಸುರು ಮಾಡಿದಳು.

ಒಂದು ಪರ್ಸಿ ಮುಗೀತು. ಧೂಳು ಝಾಡಿಸಿ ಮುಂದಿನದಕ್ಕ ಸರದೆ. ಹಿಂದ ಉಗುರಿನ ಸಪ್ಪಳ. ಹೊಳ್ಳಿ ನೋಡಿದ್ರ ಗಾರ್ಡಪ್ಪ ಹೊಸ್ತಿಲ ಇಳದು ಆ ಒರಟು ಪರ್ಸಿ ಮ್ಯಾಲ ನಿಂತಾನ. ಮೂಸಿದ, ಒಂದು ಕಾಲು ಒತ್ತಿ ನೋಡಿದ, ಎರಡನೇದು ಒತ್ತಿ ನೋಡಿದ. ನಡುಗಲಿಲ್ಲ. ನಾ ಎರಡನೇ ಪರ್ಸಿ ಮುಗಿಸಿದೆ, ಅಂವ ಎರಡನೇದಕ್ಕ ಬಂದ. ಹಿಂಗೇ ನಡೀತು. ನನ್ನ ಬೆನ್ನಿಗಿ ಮೂಗು ಹಚ್ಚಿ ನಿಂದ್ರೋದು, ಜಾಗ ಆದ ಕೂಡ್ಲೆ ಮುಂದ ಸರಿಯೋದು. ಜಲ್ದಿ ಮಾಡೋ ಅಂದಂಗ ಒಂದು ಸಲ ಕಿವಿ ನೆಕ್ಕಿದ. ಹಂಗ ಬೆನ್ನ ಹಿಂದ ನಿಂತು ಕೆಲಸ ಮಾಡಸೋ ಮುಕಾದಮ ನನಗ ಶಹಾಬಾದದ ಯಾವ ಕಾರಖಾನಿಯಾಗೂ ಸಿಕ್ಕಿದ್ದಿಲ್ಲ.

ಮಧ್ಯಾಹ್ನಕ್ಕ ಅರ್ಧ ಹಾದಿ ಆಗಿತ್ತು. ಆಗ ಸೇಡಂನಿಂದ ಬಸವಂತರಾಯ ಸಾವಕಾರ ಬಂದ. ನಿನಗ ಗೊತ್ತಿಲ್ಲ, ಹೊಸಾ ಗಿರಾಕಿ. ಸೇಡಂನ್ಯಾಗ ದೊಡ್ಡ ಫಂಕ್ಷನ್ ಹಾಲ್ ಕಟ್ಟಲಿಕತ್ತಾನ, ಪೂರಾ ಪರ್ಸಿ ಕೆಲಸ ನನಗೇ ಅಂತ ಮಾತು ಆಗಿತ್ತು. ಆದ್ರ ಅವನ ತಮ್ಮಂದಿರು ಹೈದರಾಬಾದದಾಗ ಇರತಾರ, ಅವರೂ ಬಂದು ನನ್ನ ನೆಲ ನೋಡಿ ಹೂಂ ಅನಬೇಕಿತ್ತು. ಅಂವ ಬಾಗಲದಾಗ ನಿಂತು ನೆಲ ನೋಡಿದ, ನಾಯಿ ನೋಡಿದ, ನನ್ನ ಮೈ ತುಂಬ ಹತ್ತಿದ ಧೂಳು ನೋಡಿದ. ಇದೇನೋ ಅಂತ ಕೇಳಿದ. ನಾಯಿಗಿ ಹಾದಿ ರಿ ಅಂದೆ.

ಕೆಟ್ಟ ಮನಷ್ಯಾ ಅಲ್ಲ ಅಂವ. ಒದರಾಡಲಿಲ್ಲ. ಕುಂತ, ನೀರು ಕುಡದ, ಬುದ್ಧಿ ಹೇಳಿದ. ತಮ್ಮಂದಿರು ಬರೋದು ಶಿವರಾತ್ರಿ ಮುಂದ. ಟಾಕಿ ಬಿದ್ದ ಪರ್ಸಿ ಕಿತ್ತು ಬ್ಯಾರೆ ಕೂಡಸು, ಅಲ್ಲಿ ತನಕ ನೆಲ ಮೊದಲಿನಂಗ ಇರಲಿ, ಅಡ್ವಾನ್ಸ್ ಕೈಯಾಗ ಬಿದ್ದ ಮ್ಯಾಲ ಬೇಕಾದ್ರ ಇಡೀ ಮನಿ ಅಗದು ಒಗಿ. ನಾಯಿನ್ನ ತಿಂಗಳೊಪ್ಪತ್ತು ಹಿತ್ತಲದಾಗ ಕಟ್ಟು ಅಂದ. ಮಾತು ಬರೋಬ್ಬರಿನೇ ಇತ್ತು. ನಾನೇ ಆಗಿದ್ರೂ ಹಂಗೇ ಹೇಳತಿದ್ದೆ. ಹೂಂ ಅನಬೇಕು ಅಂತ ಬಾಯಿ ತಗದೆ.

ಗಾರ್ಡಪ್ಪ ಆರನೇ ಪರ್ಸಿ ಮ್ಯಾಲ ನಿಂತಿದ್ದ. ಮುಂದ ಕನ್ನಡಿ, ಎಡಕ ಬಲಕ ಕನ್ನಡಿ. ತಲಬಾಗಲ ಕಡಿ ಮಾರಿ. ಬಾಲ ಮೆತ್ತಗ ಅಲ್ಲಾಡಲಿಕತ್ತಿತ್ತು, ಉಳಿ ಯಾಕ ನಿಂತದ ಅಂತ ನನ್ನ ಕೈ ನೋಡಿದ.

"ಸಾವಕಾರ್ರಿ, ಅಂವ ನಡು ಹಾದ್ಯಾಗ ನಿಂತಾನ. ಹಿಂದ ಸರಿ ಅಂತ ಹ್ಯಾಂಗ ಹೇಳ್ಲಿ."

ಬಸವಂತರಾಯ ಎದ್ದ. ಮದವಿ ಹಾಲಿಗಿ ಕನ್ನಡಿ ಮಾಡೋನು ಬೇಕು, ಕನ್ನಡಿ ಒಡಿಯೋನಲ್ಲ ಅಂತ ಅಂದು ಚಪ್ಪಲಿ ಮೆಟ್ಟಿದ. ನಾ ಏಳನೇ ಪರ್ಸಿಗಿ ಉಳಿ ಇಟ್ಟೆ. ಕೆಲಸ ಹೋತು. ರೊಕ್ಕ ಅಂದ್ರ ಕೈ ಮ್ಯಾಲಿನ ಹೊಲಸು, ತೊಳದ್ರ ಹೋಗತದ.

ದಿನ ಮುಳುಗೋದ್ರಾಗ ಹಾದಿ ತಲಬಾಗಲಕ್ಕ ಮುಟ್ಟಿತು. ಗಾರ್ಡಪ್ಪ ನಿನ್ನ ಹೊಸ್ತಿಲಕ್ಕ ಹೊಳ್ಳಿ ಹೋದ, ಅಲ್ಲಿಂದ ನಡಕೊಂತ ಬಂದ, ಬಾಗಲದಾಗ ನಿಂತು ಓಣಿಯ ಸಂದಿ ನೋಡಿದ. ಮತ್ತ ಹೋದ, ಮತ್ತ ಬಂದ. ಏಳು ಸಲ. ಹೊಸಾ ಬೂಟು ಹಾಕಿಕೊಂಡ ಹುಡುಗರು ಮಾಡತಾರಲ್ಲ, ಹಂಗ. ಸಿರಾಜ ಟಂಟಂ ಹಾರ್ನ್ ಹೊಡದ, ಇಂವ ಬೊಗಳಿದ. ಎರಡು ತಿಂಗಳಿಂದ ಆ ಧ್ವನಿ ನಮ್ಮ ಮನ್ಯಾಗ ಇದ್ದಿಲ್ಲ. ನಿಮ್ಮ ಅತ್ತಿ ಸೆರಗಿನಿಂದ ಕಣ್ಣು ಒರಸಿಕೊಂಡು, ಧೂಳು ಅಂದಳು. ಧೂಳು ಇತ್ತು ಖರೇ.

ಈಗ ನಡೀಲಿಕತ್ತಿದ್ದು ಹೇಳತೀನಿ ಕೇಳು, ನಗಬ್ಯಾಡ. ದಿನಕ್ಕ ಮೂರು ಸಲ ಅವನ್ನ ಕರಕೊಂಡು ಹೋಗತೀನಿ, ಒಂದೊಂದು ಸಲ ಹತ್ತೇ ನಿಮಿಷ. ಒಂದೇ ದಿನ ಭಾಳ ನಡಸಿ ಮರುದಿನ ಮಲಗಸಬ್ಯಾಡ್ರಿ, ದಿನಾ ಸಮ ಸಮ ನಡಸ್ರಿ ಅಂತ ಡಾಕ್ಟರ್ ಅಪ್ಪಣಿ. ಕಲ್ಲು ತಗಿಯೋ ಖದಾನ ಹಾದಿ ಮಣ್ಣಿಂದು, ಅಲ್ಲೇ ಹೋಗತೀವಿ. ಉಗುರು ಭಾಳ ಬೆಳದಿದ್ವು, ಅದಕ್ಕೂ ಜಾರತಿದ್ದ ಅಂತ, ಸಿರಾಜ ಹದಿನೈದು ದಿನಕ್ಕೊಮ್ಮೆ ಕತ್ತರಸತಾನ. ಕೂಲಿ ಎರಡು ಹೋಳಿಗಿ, ಕಡೀಕೂ ಗಿಟ್ಟಿಸಿಕೊಂಡ. ನೀರಿನ ಬೋಗಾಣಿ ಎರಡು ತುಂಡು ಪರ್ಸಿ ಮ್ಯಾಲ ಎತ್ತರಕ್ಕ ಇಟ್ಟೀನಿ, ಕುತ್ತಿಗಿ ಬಗ್ಗಿಸೋ ತ್ರಾಸು ಇಲ್ಲ. ಹಾಸಗಿ ನಿನ್ನ ಹಳೇ ಕೌದಿ, ನಾಕು ಮಡಿಕಿ. ಥಂಡಿ ಇದ್ದ ದಿನ ಬಟ್ಟಿ ಬಿಸಿ ನೀರಾಗ ಹಿಂಡಿ ಸೊಂಟದ ಮ್ಯಾಲ ಇಡತೀನಿ, ಮೊದಲು ನನ್ನ ಕೈ ಮ್ಯಾಲ ಇಟ್ಟು ನೋಡತೀನಿ. ಅಂವ ಕಣ್ಣು ಮುಚ್ಚಿ ಶರಣರಂಗ ಕುಂದ್ರತಾನ. ಊಟ ಅಳತಿ ಮಾಡಿ, ಬೆಲ್ಲ ಬಂದ್, ತುಪ್ಪ ಬಂದ್. ಈಗ ಮೂವತ್ತೊಂದೂವರಿ ಕಿಲೋ. ಇನ್ನೂ ಇಳೀಬೇಕು, ಅವಸರ ಬ್ಯಾಡ ಅಂದಾಳ ಡಾಕ್ಟರ್.

ಹೋದ ವಾರ ನಿಮ್ಮವ್ವ ಬಂದಿದ್ದಳು. ಬಸ್ಸಿನಿಂದ ಇಳದು ಸಂದಿ ತಿರುಗಿದ್ದಳೋ ಇಲ್ಲೋ, ಇಂವ ತನ್ನ ಹಾದಿ ಹಿಡದು ತಲಬಾಗಲ ದಾಟಿ ಅಂಗಳದಾಗ ನಿಂತು ಆಕಿ ಚೀಲ ಮೂಸಿದ. ಆಕಿ ಪಡಸಾಲಿ ನೋಡಿ, ಅಣ್ಣಾ ನಿನ್ನ ನೆಲ ಅಂತ ಬಾಯಿ ಮ್ಯಾಲ ಕೈ ಇಟ್ಟಳು. ನಾ, ಹೊಸಾ ಡಿಸೈನ್, ಮುಂಬೈಯಾಗ ಎಲ್ಲಾರೂ ಹಿಂಗೇ ಮಾಡಸಲಿಕತ್ತಾರ ಅಂದೆ. ನಂಬಿದಳೋ ಇಲ್ಲೋ. ನಮ್ಮ ಓಣಿ ಮಂದಿ ಇದಕ್ಕ ಗಾರ್ಡಪ್ಪನ ಲೈನ್ ಅಂತ ಹೆಸರಿಟ್ಟಾರ. ಮುದುಕಿ ಮಹಾದೇವಮ್ಮ ನಮ್ಮ ಮನಿಗಿ ಬಂದ್ರ ಈಗ ಅದೇ ಲೈನ್ ಹಿಡದು ಬರತಾಳ, ಈ ಮನಿಗಿ ಹತ್ತು ವರ್ಷದಾಗ ಮೊದಲ ಸಲ ಹೆದರಿಕಿ ಇಲ್ದೆ ಬಂದೀನಿ ಅಂದಳು. ಬಾಜೂದ ಕನ್ನಡಿ ಮ್ಯಾಲ ನಿಮ್ಮ ಅತ್ತಿ ಹಪ್ಪಳ ಒಣಗಸ್ಯಾಳ.

ಅದಕ್ಕ ಐಶು, ನೀ ಅಳಬ್ಯಾಡ. ಅಂವ ನಿನ್ನ ಮ್ಯಾಲ ಮುನಿಸಿದ್ದಿಲ್ಲ, ಯಾವತ್ತೂ ಮುನಿಸಿದ್ದಿಲ್ಲ. ಪರೇಡಿನ್ಯಾಗ ಕಾಲು ನೋಯತಿದ್ರ ಹೇಳು, ಮುಚ್ಚಿಟ್ಟುಕೊಂಡು ನಡೀಬ್ಯಾಡ. ರಜಾ ಸಿಕ್ಕಾಗ ಬಾ. ಬಾಗಲದಾಗ ಯಾರು ಮೊದಲು ಬರತಾರ ನೋಡು. ಅತ್ತಿ ಶೇಂಗಾ ಹೋಳಿಗಿ ಕಟ್ಟಿ ಇಟ್ಟಾಳ, ಸಿರಾಜನ ಕಣ್ಣಿಗಿ ಬೀಳದ ಜಾಗದಾಗ. ನಿನ್ನ ಟೋಪಿ ಮ್ಯಾಲಿನ ಬಿಲ್ಲೆ ಹೊಳೀಲಿ, ನಿನ್ನ ಕಾಲು ಗಟ್ಟಿ ಇರಲಿ, ಬಸವಣ್ಣ ನಿನ್ನ ಬೆನ್ನಿಗಿರಲಿ.

ಇಂತಿ ನಿನ್ನ ಮಾವ,
ಅಂಬರಾಯ
(ಗುರುಲಿಂಗಮ್ಮನ ಸಹಿ ಆಕಿಯ ಹಿಟ್ಟು ಹತ್ತಿದ ಬೆರಳಿನ ಗುರ್ತು, ಕಾಗದದ ಮೂಲ್ಯಾಗ ಅದ.)

ತಾ.ಕ. ಕಾಗದ ಅಂಟಸೋಕ ಮೊದಲು ಇಷ್ಟು ಬರೀಬೇಕು. ಅತ್ತಿ ಈಗ ರೊಟ್ಟಿ ಬಡೀಲಿಕತ್ತಾಳ, ಈ ಕಡಿ ಬರಂಗಿಲ್ಲ. ನೀ ಟ್ರಂಕು ತಗೊಂಡು ಹೋದ ದಿನ, ಟಂಟಂ ಸಂದಿ ತಿರುಗಿದ ಮ್ಯಾಲ, ಗಾರ್ಡಪ್ಪ ನಿನ್ನ ಕೋಲಿಯಿಂದ ಓಡಿ ಬಂದ. ಪಡಸಾಲಿ ನಡುವ ಹಿಂದಿನ ಕಾಲು ಎರಡೂ ಎರಡು ದಿಕ್ಕಿಗಿ ಹೋದ್ವು, ಹೊಟ್ಟಿ ಮ್ಯಾಲ ಬಿದ್ದ. ಎದ್ದ, ಮತ್ತ ಬಿದ್ದ. ಮೂರು ಸಲ. ಬಾಗಲ ಕಡಿ ಮಾರಿ ಮಾಡಿ ಒದರಿದ. ನಾ ಎತ್ತಲಿಲ್ಲ ಯವ್ವ. ನಾ ನಕ್ಕೆ. ನನ್ನ ನೆಲ ಎಷ್ಟು ನುಣ್ಣಗ ಅದ ನೋಡ್ರಿ, ನಾಯಿ ಸೈತ ನಿಂದ್ರಂಗಿಲ್ಲ ಅಂತ ಒಂದು ತಿಂಗಳು ಹೋಟೆಲಿನ್ಯಾಗ ಆಡಿ ತೋರಿಸಿ ಮಂದಿ ಕೈಲೆ ಚಹಾ ಕುಡದೀನಿ. ನಾಹಿದ ಡಾಕ್ಟರ್ ಮುಂದನೂ ಆಡಿ ತೋರಿಸಿದೆ. ಆಕಿ ನಗಲಿಲ್ಲ, ಯಾವ ದಿನದಿಂದ ನಡು ನೆಲ ಬಿಟ್ಟಾನ ಅಂತ ಕೇಳಿದಳು. ಅದೇ ದಿನದಿಂದ. ನಾ ಅದಕ್ಕ ಮುನಿಸು ಅಂತ ಹೆಸರಿಟ್ಟು ನಿನಗ ಬರದೆ.

ಬಸವಂತರಾಯನ ಹಿಂದ ನಾ ಯಾಕ ಓಡಲಿಲ್ಲ ಅಂತ ನಿಮ್ಮವ್ವ ಕೇಳಿದಳು. ಸಣ್ಣ ಕೆಲಸ, ಇಪ್ಪತ್ತು ಸಾವಿರದ್ದು ಅಂತ ಹೇಳೀನಿ, ನಿಮ್ಮ ಅತ್ತಿಗೂ ಅಷ್ಟೇ ಗೊತ್ತು. ಅಲ್ಲ. ನಾಲ್ಕು ಸಾವಿರದ ಎರಡುನೂರು ಫೂಟು, ಫೂಟಿಗಿ ಮೂವತ್ತಮೂರು. ಒಂದು ಲಕ್ಷ ಮೂವತ್ತೆಂಟು ಸಾವಿರದ ಆರುನೂರು ರೂಪಾಯಿ.